ಸೀಟು ಸಿಕ್ಕಿತು, ಲ್ಯಾಪ್‌ಟಾಪ್ ಈಗಲೇ ಬೇಕಾ?

ಪ್ರಶ್ನೆ: ನಮ್ಮದು ಅರಸೀಕೆರೆ ಕಡೆ ಹಳ್ಳಿ. ತೆಂಗಿನ ತೋಟ ಇದೆ. ಮಗಳಿಗೆ ಸಿಇಟಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಬೆಂಗಳೂರಿನ ಕಾಲೇಜು, ವಿಟಿಯು ಸಿಲಬಸ್, ಹಾಸ್ಟೆಲ್. ಕಾಲೇಜು ಶುರುವಾಗುವ ಮೊದಲೇ ಒಂದು ಪಟ್ಟಿ ಕೊಟ್ಟಿದ್ದಾಳೆ: ಹೊಸದಾಗಿ ಬಂದಿರುವ ಎಐ ಲ್ಯಾಪ್‌ಟಾಪ್ 92 ಸಾವಿರ, ಪೆನ್ನಿನಲ್ಲಿ ಬರೆಯುವ ಟ್ಯಾಬ್ 35 ಸಾವಿರ, ಸ್ಮಾರ್ಟ್ ವಾಚ್ 4 ಸಾವಿರ. ಅವಳ ಗೆಳತಿಯ ಅಕ್ಕ ಮ್ಯಾಕ್‌ಬುಕ್ ತಗೊಳ್ಳಿ ಅನ್ನುತ್ತಾಳೆ. ಈ ಸಲ ಕೊಬ್ಬರಿಗೆ ಒಳ್ಳೆ ರೇಟು ಸಿಕ್ಕಿದ್ದರಿಂದ ದುಡ್ಡಿಗೆ ತೊಂದರೆ ಇಲ್ಲ. ಆದರೆ ಹೊಸದಾಗಿ ಬಂದದ್ದನ್ನೇ ಕೊಳ್ಳಬೇಕಾ? ಒಂದು ವರ್ಷ ಕಾದರೆ ಬೆಲೆ ಇಳಿಯುತ್ತದಾ? ಸೆಕೆಂಡ್ ಹ್ಯಾಂಡ್ ನಡೆಯುತ್ತದಾ? ಹತ್ತನೇ ಕ್ಲಾಸಿನ ಮಗನೂ ತನಗೊಂದು ಟ್ಯಾಬ್ ಬೇಕು ಅಂತ ಶುರು ಮಾಡಿದ್ದಾನೆ.

ಉತ್ತರ: ಮೊದಲು ಮಗಳಿಗೆ ನನ್ನ ಅಭಿನಂದನೆ ತಿಳಿಸಿ. ಉತ್ತರ ಸ್ವಲ್ಪ ಉದ್ದವಿದೆ, ಹಾಗಾಗಿ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್ ಬೇಕೇ ಬೇಕು. ಆದರೆ ಈ 92 ಸಾವಿರದ್ದು ಬೇಡ, ಈ ವಾರವೂ ಬೇಡ. ಕಾಲೇಜು ಶುರುವಾಗಿ ಆರೆಂಟು ವಾರ ಕಳೆಯಲಿ, ಆಮೇಲೆ ಸುಮಾರು 65 ಸಾವಿರದೊಳಗೆ ತಗೊಳ್ಳಿ. ಟ್ಯಾಬ್ ಸದ್ಯಕ್ಕೆ ಬೇಡ. ವಾಚಿಗೂ ಓದಿಗೂ ಸಂಬಂಧವಿಲ್ಲ. ಸೀಟು ಸಿಕ್ಕಿದ ಖುಷಿಗೆ ಕೊಡಿಸುತ್ತೇನೆ ಅಂದರೆ ಧಾರಾಳವಾಗಿ ಕೊಡಿಸಿ, ಅದಕ್ಕೆ ನನ್ನನ್ನು ಕೇಳಬೇಕಾಗಿಲ್ಲ.

ನಾನು ಲ್ಯಾಪ್‌ಟಾಪ್ ಮಾರುವವನಲ್ಲ, ರಿಪೇರಿ ಮಾಡುವವನು. ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಗಲ್ಲಿಯಲ್ಲಿ ಇಪ್ಪತ್ತು ವರ್ಷದಿಂದ ಇವನ್ನು ಬಿಚ್ಚಿ ಕೂಡಿಸುತ್ತಿದ್ದೇನೆ. ಶೋರೂಮಿನಲ್ಲಿ ಅದು ಹೇಗೆ ಹೊಳೆಯುತ್ತದೆ ಅನ್ನುವುದಕ್ಕಿಂತ, ಹಾಸ್ಟೆಲ್ಲಿನಲ್ಲಿ ಒಂದೂವರೆ ವರ್ಷ ಕಳೆದ ಮೇಲೆ ಹೇಗಿರುತ್ತದೆ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಪ್ರತಿ ವರ್ಷ ಮೊದಲ ಸೆಮಿಸ್ಟರಿನ ಒಂದಿಬ್ಬರಾದರೂ ಎರಡು ತಿಂಗಳ ಹಿಂದೆ ಕೊಂಡ ಮೆಷಿನ್ ಹಿಡಿದು ಬರುತ್ತಾರೆ. ‘ಅಣ್ಣಾ, ಇದಕ್ಕೆ ರ‍್ಯಾಮ್ ಜಾಸ್ತಿ ಮಾಡಿಕೊಡಿ’ ಅನ್ನುತ್ತಾರೆ. ಯಂತ್ರ ಕೆಲಸ ಮಾಡುವಾಗ ಬಳಸುವ ಮೆಮೊರಿಯೇ ರ‍್ಯಾಮ್. ಹಿಂದಿನ ಮುಚ್ಚಳ ತೆಗೆದು ತೋರಿಸುತ್ತೇನೆ. ರ‍್ಯಾಮ್ ಹಾಕುವ ಸ್ಲಾಟೇ ಇರುವುದಿಲ್ಲ, ಎಲ್ಲ ಬೋರ್ಡಿಗೇ ಸೋಲ್ಡರ್ ಆಗಿ ಬೆಸೆದುಕೊಂಡಿರುತ್ತದೆ. ಆ ಮುಖ ನೋಡಲು ಬೇಜಾರಾಗುತ್ತದೆ. ದುಡ್ಡು ಅಪ್ಪನದು, ಹೊಸ ಡಬ್ಬದ ವಾಸನೆ ಇನ್ನೂ ಹೋಗಿರುವುದಿಲ್ಲ.

ಅದಕ್ಕೇ ಹೇಳುವುದು, ಮೊದಲು ಕೆಲಸ ಬರಲಿ, ಆಮೇಲೆ ಸಾಮಾನು. ವಿಟಿಯುನಲ್ಲಿ ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಅಂತ ಎರಡು ಪಾಲು. ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ ಎಲ್ಲ ನೋಟ್ ಪುಸ್ತಕದಲ್ಲೇ ನಡೆಯುತ್ತದೆ. ಲ್ಯಾಬ್ ರೆಕಾರ್ಡ್ ಕೈಯಲ್ಲೇ ಬರೆಯಬೇಕು, ಇಂಟರ್ನಲ್ಸ್ ಬ್ಲೂ ಬುಕ್ಕಿನಲ್ಲಿ. ಪ್ರೋಗ್ರಾಮಿಂಗು ಮತ್ತು ಕಂಪ್ಯೂಟರಿನಲ್ಲಿ ಬರೆಯುವ ಡ್ರಾಯಿಂಗು, ಇವೆರಡಕ್ಕೆ ಮಾತ್ರ ಯಂತ್ರ ಬೇಕು, ಮತ್ತು ಅದು ಕಾಲೇಜಿನ ಲ್ಯಾಬಿನಲ್ಲಿ ಇದ್ದೇ ಇರುತ್ತದೆ. ಮನೆಯಲ್ಲಿ ಅಭ್ಯಾಸ ಮಾಡಲು ಒಂದು ಇದ್ದರೆ ಒಳ್ಳೆಯದು, ಅದು ನಿಜ. ಆದರೆ ಆ ಕಾಲೇಜಿನಲ್ಲಿ ಯಾವ ಸಾಫ್ಟ್‌ವೇರ್ ಬಳಸುತ್ತಾರೆ ಅನ್ನುವುದು ಕ್ಲಾಸು ಶುರುವಾದ ಮೇಲೆ ತಾನೇ ಗೊತ್ತಾಗುವುದು? ಮಗಳು ಮೂರನೇ ವರ್ಷದ ಇಬ್ಬರು ಸೀನಿಯರ್‌ಗಳನ್ನು, ಒಬ್ಬ ಲ್ಯಾಬ್ ಇನ್‌ಸ್ಟ್ರಕ್ಟರನ್ನು ಕೇಳಲಿ. ಅವರ ಉತ್ತರ ಯೂಟ್ಯೂಬಿನ ಹತ್ತು ರಿವ್ಯೂಗಳಿಗೆ ಸಮ.

ಈಗ ‘ಎಐ ಲ್ಯಾಪ್‌ಟಾಪ್’ ಅಂದರೆ ಏನು ಅಂತ ಬಿಡಿಸಿ ಹೇಳುತ್ತೇನೆ. ಪ್ರೊಸೆಸರ್ ಒಳಗೆ ಎನ್‌ಪಿಯು ಅಂತ ಒಂದು ಭಾಗ ಸೇರಿಸಿರುತ್ತಾರೆ. ಎಐಗೆ ಬೇಕಾದ ಒಂದು ಬಗೆಯ ಲೆಕ್ಕವನ್ನು ಅದು ಕಡಿಮೆ ಕರೆಂಟಿನಲ್ಲಿ ಮಾಡುತ್ತದೆ. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಇದಕ್ಕೆ ‘ಕೋಪೈಲಟ್ ಪ್ಲಸ್ ಪಿಸಿ’ ಅಂತ ಒಂದು ಹೆಸರು ಕೊಟ್ಟಿತು. ಆ ಹೆಸರು ಹಾಕಿಕೊಳ್ಳಬೇಕಾದರೆ ಎನ್‌ಪಿಯು ಸೆಕೆಂಡಿಗೆ ಕನಿಷ್ಠ 40 ಲಕ್ಷ ಕೋಟಿ ಲೆಕ್ಕ ಮಾಡಬೇಕು, ಅಂಗಡಿಯವರ ಬಾಯಲ್ಲಿ ಅದೇ ‘40 ಟಾಪ್ಸ್’. ಜೊತೆಗೆ 16 ಜಿಬಿ ರ‍್ಯಾಮ್, ಫೈಲು ಇಡಲು 256 ಜಿಬಿ ಎಸ್‌ಎಸ್‌ಡಿ ಇರಬೇಕು.

ಕೇಳಲು ಭರ್ಜರಿಯಾಗಿದೆ. ಕೆಲಸ ಏನು ಮಾಡುತ್ತದೆ? ವಿಡಿಯೋ ಕಾಲಿನಲ್ಲಿ ಹಿಂದಿನ ಗೋಡೆ ಮಸುಕು ಮಾಡುತ್ತದೆ, ಮಾತನ್ನು ಪರದೆಯ ಮೇಲೆ ಅಕ್ಷರ ಮಾಡುತ್ತದೆ, ಫೋಟೋ ತಿದ್ದುತ್ತದೆ. ನೀವು ಪರದೆಯಲ್ಲಿ ನೋಡಿದ್ದನ್ನೆಲ್ಲ ಚಿತ್ರ ತೆಗೆದಿಟ್ಟು ಆಮೇಲೆ ಹುಡುಕಿಕೊಡುವ ‘ರಿಕಾಲ್’ ಅನ್ನುವುದೂ ಇದೆ. ಖಾಸಗಿತನದ ಗಲಾಟೆ ಎದ್ದು ಅದು ಸುಮಾರು ಒಂದು ವರ್ಷ ತಡವಾಗಿ, 2025ರ ಏಪ್ರಿಲ್‌ನಲ್ಲಿ ಹೊರಬಂತು. ನಿಮ್ಮ ಮಗಳು ಎಐ ಅಂದಾಗ ಅವಳ ತಲೆಯಲ್ಲಿರುವುದು ಬಹುಶಃ ಚಾಟ್‌ಜಿಪಿಟಿ, ಜೆಮಿನಿ ಇಂಥವು. ಅವು ಓಡುವುದು ಆ ಕಂಪನಿಗಳ ದೊಡ್ಡ ದೊಡ್ಡ ಸರ್ವರುಗಳಲ್ಲಿ. ಇಲ್ಲಿ ಬೇಕಿರುವುದು ಇಂಟರ್ನೆಟ್ ಮಾತ್ರ. ನಿಮ್ಮ ಕೈಯಲ್ಲಿರುವ 10 ಸಾವಿರದ ಫೋನಿನಲ್ಲೂ ಅದೇ ಉತ್ತರ, ಲಕ್ಷದ ಲ್ಯಾಪ್‌ಟಾಪಿನಲ್ಲೂ ಅದೇ ಉತ್ತರ. ಮೆಕ್ಯಾನಿಕಲ್‌ನವರು ಯಂತ್ರದ ಭಾಗಗಳನ್ನು ಕಂಪ್ಯೂಟರಿನಲ್ಲೇ ವಿನ್ಯಾಸ ಮಾಡಿ ಪರೀಕ್ಷಿಸಲು ಬಳಸುವ ಸಾಲಿಡ್‌ವರ್ಕ್ಸ್, ಆನ್ಸಿಸ್ ಇವುಗಳ ಭಾರ ಬೀಳುವುದು ಮಾಮೂಲಿ ಪ್ರೊಸೆಸರ್, ರ‍್ಯಾಮ್ ಮತ್ತು ಗ್ರಾಫಿಕ್ಸ್ ಮೇಲೆ. ಎನ್‌ಪಿಯು ಆಗ ಸುಮ್ನೆ ಕೂತಿರುತ್ತದೆ. ಈ ಹೆಸರಿನಿಂದ ಒಂದು ಉಪಕಾರ ಮಾತ್ರ ಆಯಿತು ಅನ್ನಬೇಕು, 8 ಜಿಬಿ ಸಾಕು ಅನ್ನುತ್ತಿದ್ದ ಕಂಪನಿಗಳು 16 ಜಿಬಿ ಹಾಕಲು ಶುರು ಮಾಡಿದವು. ಬೇರೆಲ್ಲ ಸರಿಯಿದ್ದು, ಬೆಲೆಯೂ ಹೊಂದಿ, ಎನ್‌ಪಿಯು ಜೊತೆಗೆ ಬಂದರೆ ಬರಲಿ, ಬೇಡ ಅನ್ನಬೇಡಿ. ಅದಕ್ಕೋಸ್ಕರ 25 ಸಾವಿರ ಹೆಚ್ಚು ಕೊಡಬೇಡಿ, ಅಷ್ಟೆ.

‘ಹೊಸದಾಗಿ ಬಂದದ್ದು’ ಅನ್ನುವ ಮಾತಿನಲ್ಲಿ ಇನ್ನೊಂದು ಕಥೆ ಇದೆ, ಇದನ್ನು ಅಂಗಡಿಯವರು ಹೇಳುವುದಿಲ್ಲ, ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ. ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಿದೆಯೋ ಇಲ್ಲವೋ ಅಂತ ನೀವು ಸಿಪ್ಪೆ ನೋಡಿ ಹೇಳುವುದಿಲ್ಲ, ಅಲ್ಲಾಡಿಸಿ ಗಡಗಡ ಸದ್ದು ಬರುತ್ತದಾ ಅಂತ ಕೇಳುತ್ತೀರಿ. ಪ್ರೊಸೆಸರ್ ನಂಬರನ್ನೂ ಹಾಗೇ ಅಲ್ಲಾಡಿಸಿ ನೋಡಬೇಕು. ಎಎಂಡಿ ಕಂಪನಿಯ ರೈಜೆನ್ 5 7520ಯು ಅಂತ ಒಂದು ಇದೆ. 7 ಸಾವಿರದ ಸರಣಿ, 2022ರ ಕೊನೆಯಲ್ಲಿ ಬಂದದ್ದು. ಆದರೆ ಒಳಗಿರುವ ವಿನ್ಯಾಸ ಝೆನ್ 2, ಅದು 2019ರದ್ದು. ಅದರ ಪಕ್ಕದಲ್ಲೇ 7530ಯು ಇಟ್ಟಿರುತ್ತಾರೆ. ನೋಡಲು ಹತ್ತೇ ನಂಬರಿನ ವ್ಯತ್ಯಾಸ. ಅದರೊಳಗಿರುವುದು ಝೆನ್ 3. ಮೊದಲನೆಯದರಲ್ಲಿ 4 ಕೋರ್ (ಲೆಕ್ಕ ಮಾಡುವ ಘಟಕ), ಎರಡನೆಯದರಲ್ಲಿ 6. ಗುಟ್ಟು ಇರುವುದು ಮೂರನೇ ಅಂಕಿಯಲ್ಲಿ: 2 ಇದ್ದರೆ ಝೆನ್ 2, 3 ಇದ್ದರೆ ಝೆನ್ 3, 4 ಇದ್ದರೆ ಝೆನ್ 4. ಎಎಂಡಿಯ 7 ಸಾವಿರದ ಸರಣಿಯ ಲ್ಯಾಪ್‌ಟಾಪ್ ಚಿಪ್ಪುಗಳಿಗೆಲ್ಲ ಇದೇ ಲೆಕ್ಕ. ಇನ್ನೊಂದು ವಿಷಯ, 7520ಯು ಇರುವ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಸೋಲ್ಡರ್ ಆಗಿಯೇ ಬರುತ್ತದೆ. ಮೇಲೆ ಹೇಳಿದ ಹುಡುಗರ ಕೈಯಲ್ಲಿ ನಾನು ನೋಡಿದ್ದು ಹೆಚ್ಚಾಗಿ ಇದೇ.

ಇಂಟೆಲ್ ಏನೂ ಕಡಿಮೆ ಇಲ್ಲ. 2024ರ ಜನವರಿಯಲ್ಲಿ ‘ಐ’ ಅಕ್ಷರ ತೆಗೆದುಹಾಕಿ ಕೋರ್ 5 120ಯು ಅಂತ ಹೊಸ ಹೆಸರಿನಲ್ಲಿ ಒಂದನ್ನು ಬಿಟ್ಟರು. ಒಳಗಿರುವುದು ಬಹುಮಟ್ಟಿಗೆ ಹಿಂದಿನ ವರ್ಷದ ಹದಿಮೂರನೇ ಜನರೇಷನ್ನೇ. ಅದು ಕೆಟ್ಟ ಪ್ರೊಸೆಸರ್ ಅಂತ ನಾನು ಹೇಳುತ್ತಿಲ್ಲ, ಚೆನ್ನಾಗಿಯೇ ಇದೆ. ಆದರೆ ಅದೇ ಶಕ್ತಿಯ, ಹಳೆಯ ಹೆಸರಿನ ಐ5 1335ಯು ಕಡಿಮೆ ಬೆಲೆಗೆ ಪಕ್ಕದ ರ‍್ಯಾಕಿನಲ್ಲೇ ಇದ್ದರೆ, ಹೊಸ ಸ್ಟಿಕ್ಕರಿಗೆ ದುಡ್ಡು ಕೊಟ್ಟಂತಾಗುತ್ತದೆ ಅಲ್ವಾ? ನಾನು ನನ್ನ ತಂಗಿಯ ಮಗನಿಗೆ ಕೊಡಿಸಿದ್ದು ಹೀಗೆ ಹಿಂದಿನ ವರ್ಷದ ಮಾಡೆಲ್ಲೇ. ಹೊಸದು ಬಂದ ಮೇಲೆ ಅಂಗಡಿಯವರು ಹಳೇ ಸ್ಟಾಕ್ ಖಾಲಿ ಮಾಡುವ ಹೊತ್ತು ನೋಡಿ ತಗೊಂಡೆವು.

ಹಾಗಾದರೆ ಒಂದು ವರ್ಷ ಕಾದರೆ ಇನ್ನೂ ಅಗ್ಗವಾಗುತ್ತದಾ ಅಂತ ಕೇಳಿದ್ದೀರಿ. ಮಾಮೂಲಿ ಕಾಲವಾಗಿದ್ದರೆ ಹೌದು ಅನ್ನುತ್ತಿದ್ದೆ. ಇಪ್ಪತ್ತು ವರ್ಷ ನಾನು ಎಲ್ಲರಿಗೂ ಹೇಳಿಕೊಂಡು ಬಂದದ್ದು ಅದನ್ನೇ. ಈಗ ಆ ಮಾತು ಹೇಳಲು ನಾಲಿಗೆ ತಡೆಯುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಗಗನಕ್ಕೆ ಹೋಗಿದೆ. ಕಾರಣ ಅದೇ ಎಐ. ಡೇಟಾ ಸೆಂಟರುಗಳಿಗೆ ಬೇಕಾದ ಮೆಮೊರಿ ಚಿಪ್ಪನ್ನೂ ನಮ್ಮ ಲ್ಯಾಪ್‌ಟಾಪಿನ ಚಿಪ್ಪನ್ನೂ ತಯಾರಿಸುವುದು ಅದೇ ಮೂರ್ನಾಲ್ಕು ಕಂಪನಿಗಳು. ದೊಡ್ಡ ಗಿರಾಕಿ ಬಂದಾಗ ಚಿಲ್ಲರೆ ಗಿರಾಕಿಯನ್ನು ಯಾರು ಕೇಳುತ್ತಾರೆ? ನಮ್ಮ ಗಲ್ಲಿಯಲ್ಲಿ ಬಹಳ ಓಡುತ್ತಿದ್ದ ಕ್ರೂಶಿಯಲ್ ರ‍್ಯಾಮಿನ ಮಾಲೀಕ ಕಂಪನಿ ಮೈಕ್ರಾನ್, ಜನಸಾಮಾನ್ಯರಿಗೆ ಮಾರುವ ಆ ವ್ಯಾಪಾರವನ್ನೇ ಬಿಡುತ್ತೇವೆ ಅಂತ 2025ರ ಡಿಸೆಂಬರಿನಲ್ಲಿ ಘೋಷಿಸಿತು. ಹಾಗಾಗಿ ಎರಡು ತಿಂಗಳು ಕಾಯಿರಿ, ಎರಡು ವರ್ಷ ಕಾಯಬೇಡಿ. ಎರಡು ತಿಂಗಳಲ್ಲಿ ಬೆಲೆ ಒಂದೆರಡು ಸಾವಿರ ಏರಿದರೂ ಏರಬಹುದು, ಅದನ್ನು ಒಪ್ಪಿಕೊಳ್ಳುತ್ತೇನೆ. ತಪ್ಪು ಮೆಷಿನ್ ಕೊಂಡರೆ ಹೋಗುವುದು ಅದಕ್ಕಿಂತ ಬಹಳ ಜಾಸ್ತಿ. ಆಮೇಲೆ, ‘ಈಗ 8 ಜಿಬಿ ಇರಲಿ, ಮುಂದೆ ಹಾಕಿಸಿದರಾಯಿತು’ ಅನ್ನುವ ಹಳೇ ಲೆಕ್ಕವೂ ಈಗ ಬೇಡ. ಕೊಳ್ಳುವಾಗಲೇ 16 ಜಿಬಿ ಇರಲಿ, ಜೊತೆಗೆ ಒಂದು ಸ್ಲಾಟಾದರೂ ತೆರೆದಿರಲಿ.

ಮ್ಯಾಕ್‌ಬುಕ್ ವಿಷಯ ಬೇಗ ಮುಗಿಸುತ್ತೇನೆ. 2020ರಲ್ಲಿ ಎಂ1 ಚಿಪ್ ಬಂದಾಗಿನಿಂದ ಮ್ಯಾಕ್‌ಬುಕ್ ಏರ್ ಒಳ್ಳೆಯ ಯಂತ್ರ. ಫ್ಯಾನಿಲ್ಲ, ಸದ್ದಿಲ್ಲ, ಬ್ಯಾಟರಿ ದಿನವಿಡೀ ಬರುತ್ತದೆ. ನನ್ನ ಬೆಂಚಿಗೆ ಅವು ಬರುವುದೂ ಕಡಿಮೆ. ಗೆಳತಿಯ ಅಕ್ಕ ಬಹುಶಃ ಕಂಪ್ಯೂಟರ್ ಸೈನ್ಸ್ ಓದಿದವಳು, ಅವಳ ಮಟ್ಟಿಗೆ ಅವಳ ಸಲಹೆ ಸರಿ. ಆದರೆ ಸಾಲಿಡ್‌ವರ್ಕ್ಸ್, ಆನ್ಸಿಸ್ ಎರಡೂ ಮ್ಯಾಕ್ ಮೇಲೆ ಬರುವುದಿಲ್ಲ. ಮೆಕ್ಯಾನಿಕಲ್ ಹುಡುಗಿಗೆ ಇಷ್ಟು ಸಾಕು, ಬೇರೆ ವಾದ ಬೇಕಿಲ್ಲ. ಬಿಕಾಂ ಓದುವವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು, ಟ್ಯಾಲಿ ಕೂಡ ವಿಂಡೋಸ್ ಮೇಲಿನದೇ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಜಾತಿಯ ಸಾಮಾನಿದೆ. ಮುಂದಿನ ನಾಲ್ಕು ವರ್ಷದಲ್ಲಿ ಮಗಳೋ ಮಗನೋ ಅದನ್ನು ಕೇಳಿಯೇ ಕೇಳುತ್ತಾರೆ: ಎಐ ಕನ್ನಡಕ, ಎಐ ಪೆನ್ನು, ಬೆರಳಿಗೆ ಹಾಕುವ ಉಂಗುರ ಹೀಗೆ ಪೂರ್ತಿ ಹೊಸ ಬಗೆಯ ಗ್ಯಾಜೆಟ್ಟುಗಳು. ಇದರಲ್ಲಿ ನಾನೇ ಬಿದ್ದವನು. 2012ರಲ್ಲಿ ಮನೆಗೆ 3ಡಿ ಟಿವಿ ತಂದೆ. ಮುಂದೆ ಎಲ್ಲರ ಮನೆಯಲ್ಲೂ ಇದೇ ಅಂತ ಅಂಗಡಿಯವನೂ ಹೇಳಿದ, ನಾನೂ ನಂಬಿದೆ. ಕನ್ನಡಕ ಹಾಕಿಕೊಂಡು ಮೂರು ಸಿನಿಮಾ ನೋಡಿದೆವು. ಅಮ್ಮನಿಗೆ ತಲೆನೋವು ಬಂತು. 2017ರ ಹೊತ್ತಿಗೆ ದೊಡ್ಡ ಕಂಪನಿಗಳೆಲ್ಲ ಅದನ್ನು ಮಾಡುವುದೇ ಬಿಟ್ಟವು. ನಾಲ್ಕು ಕನ್ನಡಕ ಇವತ್ತೂ ಶೋಕೇಸಿನ ಡ್ರಾಯರಿನಲ್ಲಿವೆ, ಎಸೆಯಲು ಮನಸ್ಸು ಬರುವುದಿಲ್ಲ.

ಟಿವಿ ಆದರೂ ಟಿವಿಯಾಗಿ ಉಳಿಯಿತು. ಅಮೆರಿಕದ ಹ್ಯೂಮೇನ್ ಕಂಪನಿಯ ಎಐ ಪಿನ್ ಕೊಂಡವರಿಗೆ ಅದೂ ಇಲ್ಲ. ಅಂಗಿಗೆ ಸಿಕ್ಕಿಸಿಕೊಳ್ಳುವ ಬಿಲ್ಲೆಯಂಥ ಸಾಧನ, ಫೋನೇ ಬೇಡವಾಗುತ್ತದೆ ಅಂದಿದ್ದರು. 2024ರ ಏಪ್ರಿಲ್‌ನಲ್ಲಿ ಜನರ ಕೈಗೆ ಬಂತು. 699 ಡಾಲರ್, ಮೇಲೆ ತಿಂಗಳಿಗೆ 24 ಡಾಲರ್. ಒಂದು ವರ್ಷ ತುಂಬುವ ಮೊದಲೇ ಕಂಪನಿಯ ಬಹುಪಾಲು ಆಸ್ತಿಯನ್ನು ಎಚ್‌ಪಿ 11.6 ಕೋಟಿ ಡಾಲರಿಗೆ ಕೊಂಡಿತು. 2025ರ ಫೆಬ್ರವರಿ 28ಕ್ಕೆ ಸರ್ವರ್ ಬಂದ್ ಆಯಿತು. ಬಿಲ್ಲೆ ಹಾಳಾಗಿರಲಿಲ್ಲ, ಒಳಗಿನ ಚಿಪ್ಪು, ಬ್ಯಾಟರಿ ಎಲ್ಲ ಗಟ್ಟಿಯಾಗಿದ್ದವು. ಆದರೂ ಅದು ಸತ್ತಂತೆ. ಅದಕ್ಕೇ ಹೊಸ ಬಗೆಯ ಸಾಮಾನು ಎದುರಿಗೆ ಬಂದಾಗ ನಾನು ಕೇಳುವ ಪ್ರಶ್ನೆ ಒಂದೇ: ಇದನ್ನು ಮಾಡಿದ ಕಂಪನಿ ನಾಳೆ ಬಾಗಿಲು ಹಾಕಿದರೆ ಇದು ನಾಡಿದ್ದು ಆನ್ ಆಗುತ್ತದಾ? ಲ್ಯಾಪ್‌ಟಾಪ್ ಆಗುತ್ತದೆ. ಕ್ಯಾಲ್ಕುಲೇಟರ್ ಆಗುತ್ತದೆ. ಎಐ ಪಿನ್ ಆಗಲಿಲ್ಲ.

ಹೊಸದೆಲ್ಲ ಮೋಸ ಅಂತ ಅಂದುಕೊಳ್ಳಬೇಡಿ. ಕೆಲವು ಸಲ ಹೊಸದು ಸರಿಯಾಗಿಯೇ ಇರುತ್ತದೆ, ಅದರ ಸುತ್ತಲಿನ ಲೋಕ ಇನ್ನೂ ತಯಾರಾಗಿರುವುದಿಲ್ಲ. ನಮ್ಮ ಬೆಂಗಳೂರಿನದ್ದೇ ಸಿಂಪ್ಯೂಟರ್ ನೆನಪಿದೆಯಾ? ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ವಿನ್ಯಾಸ ಮಾಡಿದ ಅಂಗೈ ಕಂಪ್ಯೂಟರ್. ಹಳ್ಳಿಯವರೂ ಬಳಸಲಿ ಅನ್ನುವುದು ಅವರ ಆಸೆ. 2004ರಲ್ಲಿ ಅಮಿಡಾ ಅನ್ನುವ ಹೆಸರಿನಲ್ಲಿ ಬಿಇಎಲ್ ಕಾರ್ಖಾನೆಯಲ್ಲಿ ತಯಾರಾಗಿ ಬಂತು, ಬೆಲೆ ಹತ್ತಿರಹತ್ತಿರ 10 ಸಾವಿರದಿಂದ ಶುರು. ಕೈಯಲ್ಲಿ ಓರೆ ಮಾಡಿದರೆ ಗೊತ್ತು ಮಾಡಿಕೊಳ್ಳುವ ಸೆನ್ಸರ್ ಅದರಲ್ಲಿತ್ತು, ಐಫೋನ್ ಬರುವುದಕ್ಕೆ ಮೂರು ವರ್ಷ ಮೊದಲೇ! ಆದರೆ ಆಗ ಹಳ್ಳಿಯಲ್ಲಿ ಮೊಬೈಲ್ ಇಂಟರ್ನೆಟ್ ಎಲ್ಲಿತ್ತು? ಅದರ ಮೇಲೆ ಮಾಡುವ ಕೆಲಸ ಎಲ್ಲಿತ್ತು? ಇದಕ್ಕೆ ಉಲ್ಟಾ ಕಥೆ 2011ರ ಆಕಾಶ್ ಟ್ಯಾಬ್ಲೆಟ್. ವಿದ್ಯಾರ್ಥಿಗಳಿಗೆ ಅಗ್ಗವಾಗಿ ಕೊಡಬೇಕು ಅಂತ ಕೇಂದ್ರ ಸರ್ಕಾರ ತಂದದ್ದು. ಉದ್ದೇಶ ಒಳ್ಳೆಯದೇ, ಒಳಗೆ ಇದ್ದದ್ದು 256 ಎಂಬಿ ರ‍್ಯಾಮ್, ಉಗುರಿನಿಂದ ಒತ್ತಬೇಕಾದ ಪರದೆ. ಓದುವ ಮಗುವಿಗೆ ತಾನೇ, ಅಗ್ಗದ್ದು ಸಾಕು ಅಂತ ತೀರಾ ಕೆಳಗೆ ಇಳಿದರೂ ಮೂಲೆ ಸೇರುತ್ತದೆ. 28 ಸಾವಿರದ ಹೊಸ ಲ್ಯಾಪ್‌ಟಾಪ್ ನೋಡಿದಾಗಲೆಲ್ಲ ನನಗೆ ಆಕಾಶ್ ನೆನಪಾಗುತ್ತದೆ.

ಆ ದುಡ್ಡಿಗೆ ಹಳೇ ಲ್ಯಾಪ್‌ಟಾಪ್ ಎಷ್ಟೋ ಮೇಲು. ಸೆಕೆಂಡ್ ಹ್ಯಾಂಡ್ ವಿಷಯಕ್ಕೆ ಬಂದೆ. ಐಟಿ ಕಂಪನಿಗಳು ನಾಲ್ಕೈದು ವರ್ಷ ಬಳಸಿ ಲಾಟಿನಲ್ಲಿ ಮಾರುವ ಮೆಷಿನ್‌ಗಳು ಎಸ್‌ಪಿ ರೋಡಿಗೆ ಬರುತ್ತವೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಅಂತ ಹೆಸರಿರುತ್ತದೆ. ಆಫೀಸಿಗೆ ಅಂತಲೇ ಮಾಡಿದವು, ಬಾಡಿ ಗಟ್ಟಿ, ಕೀಬೋರ್ಡ್ ಚೆನ್ನ, ಬಿಚ್ಚಿ ಜೋಡಿಸುವುದು ಸುಲಭ. ಆದರೆ ಒಂದು ಗೆರೆ ದಾಟಬೇಡಿ. ಇಂಟೆಲ್ ಆದರೆ ಎಂಟನೇ ಜನರೇಷನ್‌ಗಿಂತ ಹಳೆಯದು ಬೇಡ. ವಿಂಡೋಸ್ 11 ಅದಕ್ಕಿಂತ ಹಳೆಯದನ್ನು ಅಧಿಕೃತವಾಗಿ ಒಪ್ಪುವುದಿಲ್ಲ, ಮತ್ತು ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಆ ತಾರೀಖಿನ ನಂತರ ಆರನೇ, ಏಳನೇ ಜನರೇಷನ್ ಮೆಷಿನ್‌ಗಳನ್ನು ‘ಸೂಪರ್ ಆಫರ್’ ಅಂತ ದೂಡುವವರು ಜಾಸ್ತಿಯಾಗಿದ್ದಾರೆ.

ಕೊಳ್ಳುವ ಮುಂಚೆ ಅಲ್ಲೇ ನಿಂತು ನೋಡಿ. ಆನ್ ಮಾಡುವಾಗ ಬಯಾಸ್ (ವಿಂಡೋಸಿಗೂ ಮೊದಲು ಬರುವ ಸೆಟ್ಟಿಂಗ್) ಒಳಗೆ ಹೋಗಲು ಪಾಸ್‌ವರ್ಡ್ ಕೇಳಿದರೆ ಅಲ್ಲಿಂದಲೇ ವಾಪಸ್ ಬನ್ನಿ. ಹಳೇ ಕಂಪನಿಯ ಬೀಗ ಇನ್ನೂ ಬಿಚ್ಚಿಲ್ಲ ಅಂತ ಅರ್ಥ. ವಿಂಡೋಸ್ ಮೊದಲ ಸಲ ಸೆಟಪ್ ಆಗುವಾಗ ಯಾವುದೋ ಕಂಪನಿಯ ಹೆಸರು ತೋರಿಸಿ ಲಾಗಿನ್ ಕೇಳಿದರೂ ಅದೇ ಕಥೆ. ಬ್ಯಾಟರಿ ಎಷ್ಟು ಉಳಿದಿದೆ ಅಂತ ವಿಂಡೋಸೇ ರಿಪೋರ್ಟ್ ಕೊಡುತ್ತದೆ, ‘ಬ್ಯಾಟರಿ ರಿಪೋರ್ಟ್ ತೆಗೆದು ತೋರಿಸಿ’ ಅನ್ನಿ. ಹೊಸದರಲ್ಲಿ ಇದ್ದ ಸಾಮರ್ಥ್ಯದ ಮುಕ್ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಬೆಲೆ ಇಳಿಸಲು ಹೇಳಿ. ಹಾರ್ಡ್ ಡಿಸ್ಕಿನದು ಬೇಡ, ಎಸ್‌ಎಸ್‌ಡಿಯೇ ಇರಲಿ. ಬಿಲ್ಲು ಕೊಡದವರ ಹತ್ತಿರ ಕೊಳ್ಳಬೇಡಿ, ಕದ್ದ ಮಾಲು ನಿಮ್ಮ ಮನೆ ಸೇರುವುದು ಬೇಡ.

ಇಷ್ಟು ಹೇಳಿದ ಮೇಲೂ ನಿಮ್ಮ ಮಗಳಿಗೆ ನಾನು ಹೊಸದನ್ನೇ ಹೇಳುತ್ತೇನೆ. ದುಡ್ಡಿಗೆ ತೊಂದರೆ ಇಲ್ಲ ಅಂದಿರಿ, ನಾಲ್ಕು ವರ್ಷ ಬಾಳಬೇಕು, ಮೂರನೇ ವರ್ಷದಲ್ಲಿ ಭಾರದ ಕೆಲಸ ಬರುತ್ತದೆ. ಹಳೇ ಲ್ಯಾಪ್‌ಟಾಪ್ ಮಗನಿಗೆ ಸರಿ. ಹತ್ತನೇ ಕ್ಲಾಸಿನವನಿಗೆ ಟ್ಯಾಬ್ ಕೊಟ್ಟರೆ ಅದು ದೊಡ್ಡ ಫೋನು, ರೀಲ್ಸ್ ಇನ್ನೂ ದೊಡ್ಡದಾಗಿ ಕಾಣುತ್ತದೆ. ಹಳೇ ಲ್ಯಾಪ್‌ಟಾಪಿನಲ್ಲಿ ಕನ್ನಡ ಟೈಪಿಂಗಾದರೂ ಕಲಿಯುತ್ತಾನೆ. ಅದೂ ಪರೀಕ್ಷೆ ಮುಗಿದ ಮೇಲೆ.

ಮಗಳಿಗೆ ಯಾವುದು ಅಂದರೆ: ಇಂಟೆಲ್ ಆದರೆ ಐ5 ಮಟ್ಟದ್ದು, ನಂಬರಿನ ಕೊನೆಯಲ್ಲಿ ‘ಎಚ್’ ಇರುವುದು, ಅಂದರೆ ಹೆಚ್ಚು ಶಕ್ತಿಯದು. ಎಎಂಡಿ ಆದರೆ ರೈಜೆನ್ 5, ಝೆನ್ 3 ಅಥವಾ ಮೇಲಿನದು. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ವಿದ್ಯಾರ್ಥಿ ಮಾಡುವ ಸಣ್ಣ ಅಸೆಂಬ್ಲಿ ಡ್ರಾಯಿಂಗಿಗೆ ಒಳಗಿರುವ ಗ್ರಾಫಿಕ್ಸೇ ಸಾಕಾಗುತ್ತದೆ. ಸಣ್ಣದೊಂದು ಬೇರೆ ಗ್ರಾಫಿಕ್ಸ್ ಕಾರ್ಡ್ ಅದೇ ಬೆಲೆಯಲ್ಲಿ ಬಂದರೆ ಸಂತೋಷ. ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡರೆ ಆಗದಾ ಅಂತ ಅವಳು ಕೇಳಬಹುದು. ಆಗುತ್ತದೆ, ಕೆಲಸಕ್ಕೆ ಗಟ್ಟಿ. ಆದರೆ ಎರಡೂವರೆ ಕೇಜಿ ತೂಕ, ಇಟ್ಟಿಗೆಯಂಥ ಚಾರ್ಜರ್. ಬಿಎಂಟಿಸಿ ಬಸ್ಸಿನಲ್ಲಿ ನಿಂತು ಒಂದು ತಿಂಗಳು ಹೊತ್ತ ಮೇಲೆ ಅದು ಹಾಸ್ಟೆಲ್ ಬಿಟ್ಟು ಹೊರಗೆ ಬರುವುದಿಲ್ಲ.

ಪರದೆ ಬಗ್ಗೆ ಯಾರೂ ಕೇಳುವುದಿಲ್ಲ, ಅದಕ್ಕೇ ಅಲ್ಲಿ ಮೋಸ ಜಾಸ್ತಿ. ಒಂದೇ ಮಾಡೆಲ್ಲಿನಲ್ಲಿ ಎರಡು ಪರದೆ ಬರುತ್ತವೆ. ಒಂದು 250 ನಿಟ್ಸ್ (ಬೆಳಕಿನ ಅಳತೆ), ‘45 ಪರ್ಸೆಂಟ್ ಎನ್‌ಟಿಎಸ್‌ಸಿ’ ಅಂತ ಬರೆದಿರುತ್ತದೆ, ಬಣ್ಣ ಬೂದಿ ಬಳಿದ ಹಾಗೆ. ಇನ್ನೊಂದು 300 ನಿಟ್ಸ್ ಅಥವಾ ಜಾಸ್ತಿ, ‘100 ಪರ್ಸೆಂಟ್ ಎಸ್‌ಆರ್‌ಜಿಬಿ’. ದಿನಾ ನಾಲ್ಕು ಗಂಟೆ ನೋಡುವ ಪರದೆ, ಒಂದೆರಡು ಸಾವಿರ ಹೆಚ್ಚಾದರೂ ಎರಡನೆಯದನ್ನೇ ಕೇಳಿ.

ಉಳಿಸಿದ ದುಡ್ಡಿನಲ್ಲಿ ಮೊದಲು ಮಾಡಬೇಕಾದದ್ದು ವಾರಂಟಿ. ಮಾಮೂಲಿ ಒಂದು ವರ್ಷದ್ದು ಸಾಲದು. ಮೂರು ವರ್ಷಕ್ಕೆ ಏರಿಸಿ, ಬಿದ್ದರೆ ನೀರು ಚೆಲ್ಲಿದರೆ ಸಿಗುವ ರಕ್ಷಣೆಯನ್ನೂ ಸೇರಿಸಿ. ಅದು ಬೇರೆ ಹೆಸರಿನಲ್ಲಿ ಬರುತ್ತದೆ, ಮಾಮೂಲಿ ವಾರಂಟಿಯಲ್ಲಿ ಇರುವುದಿಲ್ಲ. ಹೀಗೆ ಹೇಳಿದರೆ ನನ್ನ ಗಿರಾಕಿಯೇ ಕಡಿಮೆಯಾಗುತ್ತದೆ, ಆದರೂ ಹೇಳುತ್ತೇನೆ. ಹಾಸ್ಟೆಲ್ ಹುಡುಗರ ಲ್ಯಾಪ್‌ಟಾಪ್ ನನ್ನ ಹತ್ತಿರ ಬರುವುದು ಪ್ರೊಸೆಸರ್ ಹಳೆಯದಾಯಿತು ಅಂತ ಅಲ್ಲವೇ ಅಲ್ಲ. ಹಿಂಜ್, ಅಂದರೆ ಪರದೆಯ ಕೀಲು, ಮುರಿದು ಬರುತ್ತದೆ. ಪರದೆಯನ್ನು ಒಂದು ಮೂಲೆ ಹಿಡಿದು ಒಂದೇ ಕೈಯಲ್ಲಿ ಎತ್ತುತ್ತಾರೆ, ಒಳಗಿನ ಸ್ಕ್ರೂ ಕೂತಿರುವುದು ಪ್ಲಾಸ್ಟಿಕ್ಕಿನಲ್ಲಿ, ಕಿತ್ತು ಬರುತ್ತದೆ. ಇಯರ್‌ಫೋನ್ ಕೀಬೋರ್ಡ್ ಮೇಲೆ ಬಿಟ್ಟು ಮುಚ್ಚುತ್ತಾರೆ, ಪರದೆ ಸೀಳುತ್ತದೆ. ಚಹಾ ಚೆಲ್ಲುತ್ತದೆ. ನೆಲದ ಮೇಲೆ ಹರಡಿದ ಚಾರ್ಜರ್ ವೈರಿಗೆ ರೂಂಮೇಟ್ ಎಡವಿ ಚಾರ್ಜಿಂಗ್ ಪಿನ್ ಒಳಗೇ ಮುರಿಯುತ್ತದೆ. ಹಾಸಿಗೆ ಮೇಲೆ ಇಟ್ಟು ರಾತ್ರಿಯೆಲ್ಲ ಓಡಿಸಿ, ಫ್ಯಾನಿನ ತುಂಬ ಹತ್ತಿಯ ಜುಂಗು ಕಟ್ಟಿಕೊಂಡು ಬಿಸಿಯಾಗಿ ನಿಂತೇ ಹೋಗುತ್ತದೆ. 50 ಸಾವಿರದ್ದಕ್ಕೂ ಇದೇ ಕಾಯಿಲೆ, ಒಂದೂವರೆ ಲಕ್ಷದ್ದಕ್ಕೂ ಇದೇ. ರಿಪೇರಿ ಬಿಲ್ಲು ಮಾತ್ರ ಬೇರೆ ಬೇರೆ.

ಟ್ಯಾಬ್ ಬೇಡ ಅಂದೆ, ಅದು ಕೆಲಸಕ್ಕೆ ಬಾರದ್ದು ಅಂತಲ್ಲ. ಪಿಡಿಎಫ್ ಓದುವುದಕ್ಕೆ, ಚಿತ್ರ ಸಮೇತ ನೋಟ್ಸ್ ಬರೆಯುವುದಕ್ಕೆ ಬಲು ಚೆಂದ. ಮೊದಲ ಸೆಮಿಸ್ಟರ್ ಮುಗಿಯಲಿ. ಆಗಲೂ ಬೇಕು ಅನ್ನಿಸಿದರೆ, ಗೆಳತಿಯ ಟ್ಯಾಬನ್ನು ಒಂದು ವಾರ ಬಳಸಿ ನೋಡಿದ ಮೇಲೂ ಬೇಕು ಅನ್ನಿಸಿದರೆ, ಕೊಡಿಸಿ. ವಾಚಿನ ವಿಷಯದಲ್ಲಿ ಒಂದೇ ಎಚ್ಚರಿಕೆ: ಅಗ್ಗದ ವಾಚು ತೋರಿಸುವ ಬಿಪಿಯನ್ನು ನೋಡಿ ಮನೆಯ ಹಿರಿಯರು ಮಾತ್ರೆ ಹೆಚ್ಚುಕಡಿಮೆ ಮಾಡಬಾರದು. ಇಂಥ ಕೆಲವು ವಾಚುಗಳನ್ನು ಬಟ್ಟೆಯ ಸುರುಳಿಗೆ ಕಟ್ಟಿದರೂ ಒಂದು ನಂಬರ್ ತೋರಿಸುತ್ತವೆ. ಹೆಜ್ಜೆ ಎಣಿಸಲಿ, ಸಾಕು.

ಇನ್ನು ದುಡ್ಡು ಕೊಡುವ ರೀತಿ. ಅಂಗಡಿಯಲ್ಲಿ ‘ನೋ ಕಾಸ್ಟ್ ಇಎಂಐ’ ಅಂತ ಹಿಡಿಯುತ್ತಾರೆ. ಶೂನ್ಯ ಬಡ್ಡಿ ಅನ್ನುವ ಯೋಜನೆಗಳಿಗೆ ರಿಸರ್ವ್ ಬ್ಯಾಂಕ್ 2013ರಲ್ಲೇ ತಡೆ ಹಾಕಿದೆ. ಈಗ ನಡೆಯುವುದು ಬೇರೆ ಆಟ. ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟೇ ಮೊತ್ತವನ್ನು ಅಂಗಡಿ ಬೆಲೆಯಲ್ಲಿ ಇಳಿಸಿದಂತೆ ತೋರಿಸುತ್ತದೆ. ಆದರೆ ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ನಿಮ್ಮ ತಲೆಗೇ. 60 ಸಾವಿರದ್ದನ್ನು 9 ಕಂತು, 15 ಪರ್ಸೆಂಟ್ ಬಡ್ಡಿ ಅಂತ ಲೆಕ್ಕ ಹಾಕಿ. ಬಡ್ಡಿ ಸುಮಾರು 3,600 ರೂಪಾಯಿ, ಅದರ ಮೇಲಿನ ಜಿಎಸ್‌ಟಿ 650ರ ಹತ್ತಿರ. ಪ್ರೊಸೆಸಿಂಗ್ ಫೀ ಬೇರೆ. ದೊಡ್ಡ ಮೊತ್ತವೇನಲ್ಲ, ಬೇರೆ ದಾರಿ ಇಲ್ಲದವರಿಗೆ ಪರವಾಗಿಲ್ಲ. ಆದರೆ ನಿಮ್ಮ ಕೈಯಲ್ಲಿ ಕೊಬ್ಬರಿ ದುಡ್ಡು ಇದೆ. ‘ಪೂರ್ತಿ ಈಗಲೇ ಕೊಡುತ್ತೇನೆ, ಎಷ್ಟು ಬಿಡುತ್ತೀರಿ?’ ಅಂತ ಕೇಳಿ. ಮಂಡಿಯಲ್ಲಿ ನೀವು ಮಾಡದ ಚೌಕಾಸಿಯೇ? ದಸರಾ, ದೀಪಾವಳಿ ಹೊತ್ತಿಗೆ ಆನ್‌ಲೈನ್ ಬೆಲೆಯನ್ನೂ ಪಕ್ಕಕ್ಕಿಟ್ಟು ಹೋಲಿಸಿ.

ಕೊಳ್ಳುವ ದಿನ ಮಗಳನ್ನು ಕರೆದುಕೊಂಡೇ ಹೋಗಿ. ಅವಳೇ ಎತ್ತಿ ತೂಕ ನೋಡಲಿ, ಹತ್ತು ಸಾಲು ಟೈಪ್ ಮಾಡಲಿ. ಅದಕ್ಕೂ ಮುಂಚೆ, ಲ್ಯಾಬಿನಲ್ಲಿ ಬಳಸುವ ಸಾಫ್ಟ್‌ವೇರ್ ಪಟ್ಟಿ ಸಿಕ್ಕ ಕೂಡಲೇ ಅದರ ಜೊತೆ ನಿಮಗೆ ಇಷ್ಟವಾದ ಎರಡು ಮೂರು ಲ್ಯಾಪ್‌ಟಾಪಿನ ವಿವರ ಬರೆದು ಕಳಿಸಿ. ಬ್ರ್ಯಾಂಡಿನ ಹೆಸರು ಮಾತ್ರ ಬರೆದರೆ ನನಗೆ ಏನೂ ತಿಳಿಯುವುದಿಲ್ಲ. ಡಬ್ಬದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಮಾಡೆಲ್ ನಂಬರ್ ಇರುತ್ತದೆ, ಅದನ್ನು ಕೊನೆಯ ಅಕ್ಷರದವರೆಗೂ ಬರೆಯಿರಿ.